ಎಲ್ಲ ಲೋಟಕ್ಕೂ ಒಂದೊಂದು ಚುಕ್ಕೆ

ತಿಲಕ್ ನಗರ, ಬೆಂಗಳೂರು
11-9-1983

ಅದೇ ಮಗಾ, ಆ ಚೀಟಿ ಉಗುಳುವ ಬೀರುವಿನ ವಿಷಯ. ನಿನ್ನೆ ಬರೆಯುತ್ತ ಬರೆಯುತ್ತ ಹಾಳೆಯೇ ಮುಗಿದುಹೋಯಿತು. ಅಂಟು ಹಚ್ಚುವ ಅಂಚಿನ ಮೇಲೂ ಬರೆದಿದ್ದೆ. ಪೋಸ್ಟಾಫೀಸಿನವನು ನೋಡಿ, ‘ಸಾರ್, ಅಡ್ರೆಸ್ಸಿಗಾದ್ರೂ ಒಸಿ ಜಾಗ ಬಿಡಿ, ಜಪಾನು ದೂರ’ ಅಂದ. ಅದಕ್ಕೇ ಇವತ್ತು ಇನ್ನೊಂದು ಹಾಳೆ. ಎರಡೂ ಒಟ್ಟಿಗೆ ಬಂದರೆ ಇದನ್ನು ಎರಡನೆಯದಾಗಿ ಓದು.

ಎಲ್ಲಿಗೆ ನಿಂತಿತ್ತು? ಹಾಂ, ನೀನು ಊಟ ಮಾಡುವ ಹೋಟೆಲು. ಬಾಗಿಲಲ್ಲೇ ಬೀರುವಿನಂಥ ಯಂತ್ರ. ಕಾಸು ಹಾಕಿ ಗುಂಡಿ ಒತ್ತಿದರೆ ಚೀಟಿ. ಚೀಟಿ ಕೊಟ್ಟರೆ ಬಟ್ಟಲು ತುಂಬ ದಪ್ಪ ಶ್ಯಾವಿಗೆ, ಮೇಲೆ ಒಣಮೀನಿನ ಬಿಸಿ ಸಾರು. ನಿನ್ನ ಟ್ರೇ ನೀನೇ ಹೊತ್ತುಕೊಂಡು ಹೋಗಿ, ನಿಂತು ತಿಂದು, ಖಾಲಿ ಬಟ್ಟಲನ್ನು ನೀನೇ ತಂದು ಗೋಡೆಯ ಕಿಂಡಿಯಲ್ಲಿ ಇಡಬೇಕು. ‘ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಅಪ್ಪಾ’ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ. ಕೇಳುವವರು ಯಾರು, ಅವರು ಕೇಳುವುದು ಏನು ಎಂಬುದನ್ನು ಮಾತ್ರ ನೀನು ಬರೆದಿಲ್ಲ.

ಅದಿರಲಿ. ಸೆಲ್ಫ್ ಸರ್ವಿಸ್ ಎಂಬ ಪದ ಈ ವಾರ ನನ್ನನ್ನು ಎರಡು ಕಡೆಯಿಂದ ಹಿಡಿಯಿತು. ಬೈರಣ್ಣ ಬಂದಿದ್ದ. ಪುಟ್ಟೇನಹಳ್ಳಿಯಲ್ಲಿ ಹೋಟೆಲು ಇಟ್ಟಿದ್ದ ರಾಮಯ್ಯನ ಮಗ, ನನ್ನ ಜೊತೆ ಸ್ಕೂಲಿಗೂ ಕಾಲೇಜಿಗೂ ಬಂದವನು. ನೀನು ಅವನನ್ನು ನೋಡಿಲ್ಲ, ಏಕೆಂದರೆ ಅವನು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಅವರ ಹೊಲವೆಲ್ಲ ಸೈಟುಗಳಾದವು, ಮೂರು ಅಂತಸ್ತು ಎದ್ದವು. ಈಗ ಜೆ.ಪಿ. ನಗರದಲ್ಲಿ ಹೊಸ ಹೋಟೆಲು ಮಾಡಿದ್ದಾನೆ. ಕಾರ್ಡು ಕೊಟ್ಟು ಹೇಳಿದ:

‘ಬಾರೋ ಯಲ್ಲಯ್ಯ, ಒಂದ್ಸಲ ಬಂದು ನೋಡು. ಎಲ್ಲಾ ಫಾರಿನ್ ಸ್ಟೈಲು. ಕೂರಂಗಿಲ್ಲ, ಬಡಿಸಂಗಿಲ್ಲ. ಟೋಕನ್ ತಗೋ, ತಿನ್ನು, ತಟ್ಟೆ ನೀನೇ ತೊಟ್ಟಿಗೆ ಹಾಕು. ಜಡ್ಜೇ ಬರ್ಲಿ, ಜವಾನನೇ ಬರ್ಲಿ, ಎಲ್ಲಾ ಒಂದೇ. ಸೆಲ್ಫ್ ಸರ್ವಿಸ್ ಅಂತಾರೆ ಇದಕ್ಕೆ.’

‘ನಂಗೆ ಹೊಸದಲ್ಲ ಕಣೋ ಬೈರಣ್ಣ,’ ಅಂದೆ. ‘ನಮ್ಮಪ್ಪ ನಿಮ್ಮಪ್ಪನ ಹೋಟ್ಲಲ್ಲಿ ಮೂವತ್ತು ವರ್ಷ ಅದ್ನೇ ಮಾಡಿದಾನೆ.’

ಅವನು ಸ್ಕೂಟರಿಗೆ ಒದ್ದ. ಅದು ಮೂರನೆಯ ಒದೆತಕ್ಕೆ ಸ್ಟಾರ್ಟ್ ಆಯಿತು. ಆ ಹೋಟೆಲಿಗೆ ನಾನು ಕಾಲಿಡುವುದಿಲ್ಲ. ದಿಸ್ ಈಸ್ ಫೈನಲ್.

ಈಗ ಒಂದು ಪ್ರಶ್ನೆ. ಮೊದಲ ಕಾಗದದಲ್ಲಿ ಹಾಸ್ಟೆಲಿನಲ್ಲಿ ಅಡುಗೆಮನೆ ಇದೆ, ನಮ್ಮ ಕಾರ್ಖಾನೆಯಿಂದ ತರಬೇತಿಗೆ ಬಂದ ಮೂವರೂ ಸೇರಿ ಮಾಡಿಕೊಳ್ಳುತ್ತೇವೆ ಎಂದಿದ್ದೆ. ಎರಡನೆಯದರಲ್ಲಿ ವಾರಕ್ಕೊಮ್ಮೆ ಹೋಟೆಲು. ಮೂರನೆಯದರಲ್ಲಿ ದಿನವೂ ಹೋಟೆಲು. ಮೂವತ್ತೊಂದು ವರ್ಷ ರೆಕಾರ್ಡ್ ರೂಮಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ಓದುವ ಚಾಳಿ ಹೋಗುವುದಿಲ್ಲ. ಪ್ಲೀಸ್ ಎಕ್ಸ್‌ಪ್ಲೇನ್.

ಇಂತು ನಿನ್ನ ಅಪ್ಪ
ಯಲ್ಲಯ್ಯ

(ಯುವರ್ಸ್ ಒಬೀಡಿಯಂಟ್ಲಿ ಎಂದು ಬರೆಯಲು ಹೊರಟಿತ್ತು ಕೈ. ಚಾಳಿ.)


ನಗೋಯಾ
29-9-1983

ಅಪ್ಪಾ,

ನಿನ್ನ ಎರಡೂ ಹಾಳೆ ಒಂದೇ ದಿನ ಬಂದವು. ಮೊದಲನೆಯದರ ಕೊನೆಯ ನಾಲ್ಕು ಸಾಲನ್ನು ಅಂಚೆಯ ಮುದ್ರೆ ನುಂಗಿದೆ.

ಹಾಸ್ಟೆಲಿನ ಅಡುಗೆಮನೆ ಚಿಕ್ಕದು, ಅಷ್ಟೇ. ನೀಲಗಂಗಮ್ಮ, ಲಕ್ಷ್ಮಿದೇವಮ್ಮ ಇಬ್ಬರೂ ಬೇಗ ಎದ್ದು ಮುಗಿಸಿಬಿಡುತ್ತಾರೆ. ನಾನು ನಿದ್ದೆಬುರುಕಿ ಎಂದು ನಿನಗೇ ಗೊತ್ತಲ್ಲ. ಹೋಟೆಲು ಸ್ಟೇಷನ್ನಿನ ಪಕ್ಕದಲ್ಲೇ ಇದೆ, ಅಗ್ಗ, ಐದು ನಿಮಿಷದ ಕೆಲಸ.

ನಗುವ ಸಂಗತಿ ಹೇಳುತ್ತೇನೆ ಕೇಳು. ಆ ಯಂತ್ರದ ಮೇಲೆ ನಾಲ್ಕು ಸಾಲು ಗುಂಡಿ, ಎಲ್ಲದರ ಮೇಲೂ ಅವರ ಅಕ್ಷರ. ಮೊದಲ ದಿನ ಯಾರೋ ಒತ್ತಿದ್ದನ್ನು ನೋಡಿ ನಾನೂ ಎರಡನೆಯ ಸಾಲಿನ ಮೂರನೆಯದನ್ನು ಒತ್ತಿದೆ. ಶ್ಯಾವಿಗೆ ಬಂತು. ಹನ್ನೊಂದು ದಿನ ಅದನ್ನೇ ಒತ್ತಿದೆ. ಹನ್ನೆರಡನೆಯ ದಿನ ಧೈರ್ಯ ಬಂದು ಕೆಳಗಿನ ಸಾಲಿನ ಮೂಲೆಯದನ್ನು ಒತ್ತಿದೆ. ಚೀಟಿ ಕೊಟ್ಟೆ. ಅಡುಗೆಯ ಅಮ್ಮ ಚೀಟಿ ನೋಡಿದಳು, ನನ್ನ ನೋಡಿದಳು, ಆಮೇಲೆ ಒಂದು ಪುಟ್ಟ ಬಟ್ಟಲಲ್ಲಿ ಒಂದೇ ಒಂದು ಹಸಿ ಮೊಟ್ಟೆ ಒಡೆದು ಹಾಕಿ ಮುಂದಿಟ್ಟಳು. ಅದು ಶ್ಯಾವಿಗೆಯ ಮೇಲೆ ಹಾಕಿಸಿಕೊಳ್ಳುವುದಂತೆ! ಪಕ್ಕದಲ್ಲಿ ಸೊರ್‌ರ್ ಎಂದು ಹೀರುತ್ತಿದ್ದ ಮುದುಕ ನಕ್ಕು ನಕ್ಕು ಕೆಮ್ಮಿದ. ಅವಳು ಸೌಟು ಬಿಟ್ಟು ಹೊರಗೆ ಬಂದು, ನನ್ನ ಬೆರಳು ಹಿಡಿದು ಒಂದೊಂದು ಗುಂಡಿಯ ಮೇಲೂ ಇಟ್ಟು, ಒಳಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೇಣದ ಮಾದರಿ ತಿಂಡಿಗಳನ್ನು ತೋರಿಸಿದಳು. ಮೇಷ್ಟರು ಮರಳಿನ ಮೇಲೆ ಅಕ್ಷರ ತಿದ್ದಿಸಿದ ಹಾಗೆ. ಅವಳನ್ನು ಎಲ್ಲರೂ ಓಬಾಸಾನ್ ಎನ್ನುತ್ತಾರೆ, ನಮ್ಮ ಕಡೆ ಆಂಟಿ ಎಂದಂತೆ.

ಇನ್ನೊಂದು ಪೆದ್ದುತನವೂ ಆಯಿತು. ಮೊನ್ನೆ ತಿಂದು ಮುಗಿಸಿ, ಕಿಂಡಿಯ ಪಕ್ಕದಲ್ಲಿ ನಲ್ಲಿ ಕಂಡಿತು, ಏನೋ ಯೋಚನೆಯಲ್ಲಿ ಬಟ್ಟಲನ್ನು ಅಲ್ಲೇ ತೊಳೆದುಬಿಟ್ಟೆ. ತೊಳೆದು, ಬೇರೆ ಬಟ್ಟಲುಗಳಿಗೆ ತಾಗದ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದೆ. ಓಬಾಸಾನ್ ಓಡಿಬಂದಳು. ನಾನು ಅವಳಿಗೆ ಅವಮಾನ ಮಾಡಿದೆನೋ ಎಂಬಂತೆ ಕೆಂಪಾಗಿದ್ದಳು. ಬಟ್ಟಲು ಕಿತ್ತುಕೊಂಡು ಎಲ್ಲ ಎಂಜಲು ಬಟ್ಟಲುಗಳ ನಡುವೆ ತಳ್ಳಿ, ಕೈ ಅಡ್ಡ ಆಡಿಸಿ ಏನೇನೋ ಹೇಳಿದಳು. ನನಗೆ ಅರ್ಥವಾದದ್ದು ಇಷ್ಟು: ಇದು ನಿನ್ನ ಕೆಲಸವಲ್ಲ.

ನಕ್ಕುಬಿಡು ಅಪ್ಪಾ. ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು
ವಿಶಾಖಾ


ತಿಲಕ್ ನಗರ
14-10-1983

ಮಗಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಮೊಟ್ಟೆಗೆ ನಕ್ಕೆ. ಬಟ್ಟಲಿಗೆ ನಗು ಬರಲಿಲ್ಲ.

ತೊಳೆದು, ಬೇರೆಯದಕ್ಕೆ ತಾಗದ ಹಾಗೆ, ಕಿಟಕಿಯ ಕಟ್ಟೆಯ ಮೇಲೆ, ಬೋರಲು. ಇದನ್ನು ನಾನು ನಿನಗೆ ಕಲಿಸಿಲ್ಲ. ನಿನ್ನ ಅವ್ವ ಗೋವಿಂದಮ್ಮನೂ ಕಲಿಸಿಲ್ಲ, ಅವಳು ಬದುಕಿದ್ದಷ್ಟು ದಿನವೂ ನೀನು ಈ ಮನೆಯಲ್ಲಿ ತಟ್ಟೆ ಎತ್ತಿದ್ದೇ ಅಪರೂಪ. ನೀನು ಹುಟ್ಟಿದ ವರ್ಷವೇ ನಾವು ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ್ದು, ನಿನಗೆ ಆ ಹೆಸರಿಟ್ಟದ್ದು. ಹಾಗಾದರೆ ನಿನ್ನ ಕೈಗೆ ಈ ಅಭ್ಯಾಸ ಎಲ್ಲಿಂದ ಬಂತು? ಎರಡು ತಿಂಗಳಲ್ಲಿ, ದಿನಾ, ಯಾರೋ ಮಾಡಿಸಿದ್ದರಿಂದ ಬಂದಿರಬೇಕು. ಯೋಚನೆಯಲ್ಲಿದ್ದಾಗ ಕೈ ತಾನಾಗಿ ಮಾಡುವುದೆಲ್ಲ ಹಾಗೆ ಬಂದದ್ದೇ. ನನಗೆ ಗೊತ್ತು, ಏಕೆಂದರೆ ನಾನು ಅದನ್ನು ನೋಡುತ್ತ ಬೆಳೆದೆ.

ನನ್ನ ಮೇಜಿನ ಮೇಲೆ ಪೆನ್ನು ಹಾಕಿಡುವ ಗಾಜಿನ ಲೋಟ ಗೊತ್ತಲ್ಲ? ದಪ್ಪ ಗಾಜು, ತಳದೊಳಗೆ ಕಡಲೆಕಾಳಿನಷ್ಟು ಗಾಳಿಗುಳ್ಳೆ. ನೀನು ಐದು ವರ್ಷದವಳಿದ್ದಾಗ ಅದರಲ್ಲಿ ನೀರು ಕುಡಿಯಲು ಹೋಗಿದ್ದಕ್ಕೆ ನಿನ್ನ ಕೆನ್ನೆಗೆ ಹೊಡೆದಿದ್ದೆ. ನಿನ್ನನ್ನು ನಾನು ಹೊಡೆದದ್ದು ಅದೊಂದೇ ಸಲ. ಯಾಕೆಂದು ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಕೆರೆ ಏರಿಯ ಮಗ್ಗುಲಲ್ಲಿ ರಾಮಯ್ಯನ ಹೋಟೆಲು. ಒಳಗೆ ಬೆಂಚು, ಹಿತ್ತಾಳೆ ಲೋಟ. ಹೊರಗೆ, ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ನಮ್ಮವರ ಗಾಜಿನ ಲೋಟಗಳು. ನಿನ್ನ ತಾತ ಪಿಳ್ಳಪ್ಪ ಕೆಲಸ ಮುಗಿಸಿ ಬಂದು, ಸೂರಿನಿಂದ ಲೋಟ ತೆಗೆದು, ನೆಲದ ಮೇಲಿಟ್ಟು ದೂರ ನಿಲ್ಲುವನು. ರಾಮಯ್ಯ ಮೇಲಿನಿಂದ ಕಾಫಿ ಸುರಿಯುವನು. ಕುಡಿದು, ತೊಳೆದು, ಮತ್ತೆ ಸೂರಿಗೆ. ನಾನು ಇಂಟರ್‌ಮೀಡಿಯಟ್‌ಗೆ ಸೇರುವ ದಿನ ಅಪ್ಪ ಖುಷಿಯಲ್ಲಿ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಬೈರಣ್ಣನೂ ಅವತ್ತು ಅದೇ ಕಾಲೇಜಿಗೆ ಹೊರಟವನು, ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದ. ನನ್ನನ್ನು ಕಂಡು ಕೈ ಬೀಸಿದ. ಕೈ ಬೀಸಿದ ಮಗಾ, ಒಳಗೆ ಕರೆಯಲಿಲ್ಲ. ಅಪ್ಪ ಲೋಟ ತೊಳೆದು ಸೂರಿಗೆ ಸಿಕ್ಕಿಸಿದ್ದೇ ತಡ, ಬೈರಣ್ಣ ನೋಡುತ್ತಿದ್ದಂತೆಯೇ ನಾನು ಕಿತ್ತುಕೊಂಡು ಪುಸ್ತಕದ ಚೀಲಕ್ಕೆ ಹಾಕಿದೆ.

‘ಅದ್ಯಾಕ್ಲಾ?’ ಅಂದ ಅಪ್ಪ.

‘ಇನ್ಮೇಲೆ ನೀನು ಇಲ್ಲಿ ಕುಡಿಯಾಕಿಲ್ಲ’ ಅಂದೆ.

ಅವನು ಕುಡಿಯಲಿಲ್ಲ. ಸಾಯುವವರೆಗೂ ಕುಡಿಯಲಿಲ್ಲ. ನಾನು ಕಾಲೇಜನ್ನು ಒಂದೂವರೆ ವರ್ಷಕ್ಕೇ ಬಿಟ್ಟೆ. ನ್ಯೂಟನ್ನನ ಥರ್ಡ್ ಲಾ ಅರ್ಧ ನೆನಪಿದೆ. ಎವೆರಿ ಆಕ್ಷನ್ನಿಗೂ ಒಂದು ಈಕ್ವಲ್ ಅಂಡ್... ಮುಂದಿನದು ಮರೆತಿದ್ದೇನೆ. ಲೋಟ ಮಾತ್ರ ಉಳಿಯಿತು.

ಈಗ ಹೇಳು. ಆ ಅಡುಗೆಮನೆಯಲ್ಲಿ ಎಷ್ಟು ಲೋಟ ಇವೆ? ನಿನ್ನದು ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ನೀನು ಹೇಳದಿದ್ದರೆ ನಾನು ಬೊಮ್ಮನಹಳ್ಳಿಯ ನಿಮ್ಮ ಕಾರ್ಖಾನೆಗೇ ಹೋಗಿ ಮ್ಯಾನೇಜರನ ಮುಂದೆ ಕೂರುತ್ತೇನೆ. ನಿಲ್ಲುವುದಿಲ್ಲ, ಕೂರುತ್ತೇನೆ.

ಅಪ್ಪ


ನಗೋಯಾ
1-11-1983

ಅಪ್ಪಾ,

ಕೆಂಪು ನೇಲ್ ಪಾಲಿಶ್. ಅದರಿಂದ ಗೊತ್ತಾಗುತ್ತದೆ.

ಬಂದ ಎರಡನೆಯ ವಾರ ನೀಲಗಂಗಮ್ಮ ನನ್ನ ಲೋಟದ, ತಟ್ಟೆಯ ತಳಕ್ಕೆ ಒಂದೊಂದು ಚುಕ್ಕೆ ಇಟ್ಟಳು. ‘ಬೇಜಾರ್ ಮಾಡ್ಕೋಬೇಡಮ್ಮ ವಿಶಾಖಾ, ನೀನು ಮೀನು ಮಾಂಸ ತಿಂತೀಯ, ನಮ್ಮನೇಲಿ ಬಾಳಾ ಮಡಿ, ಕಲೆತು ಹೋಗಬಾರದು ಅಂತ ಅಷ್ಟೇ’ ಅಂದಳು. ನಾನು ಒಪ್ಪಿದೆ. ಅವಳು ತಿನ್ನುವುದಿಲ್ಲ, ಸರಿ, ಅದು ಅವಳ ಪದ್ಧತಿ. ತೊಳೆದು ಕಿಟಕಿಯ ಮೇಲೆ ಬೇರೆ ಇಡು ಎಂದಳು. ಇಟ್ಟೆ.

ಆದರೆ ಲಕ್ಷ್ಮಿದೇವಮ್ಮನೂ ಮೀನು ತಿನ್ನುತ್ತಾಳೆ ಅಪ್ಪಾ. ಭಾನುವಾರ ಕೋಳಿ ತಂದು ಅದೇ ಒಲೆಯ ಮೇಲೆ ಮಾಡುತ್ತಾಳೆ. ಅವಳ ಲೋಟಕ್ಕೆ ಚುಕ್ಕೆ ಇಲ್ಲ.

ಇದು ಕಂಡ ದಿನದಿಂದ ನಾನು ಆ ಅಡುಗೆಮನೆಗೆ ಹೋಗಿಲ್ಲ. ಯಂತ್ರದ ಹೋಟೆಲು ಹುಡುಕಿಕೊಂಡೆ. ನೀನು ಅದನ್ನು ನಿಮ್ಮಪ್ಪನ ಸೂರಿಗೆ ಹೋಲಿಸಿದ್ದೀಯ. ಹಾಗಲ್ಲ. ಇಲ್ಲಿ ನನ್ನ ಪಕ್ಕದಲ್ಲಿ ಟೈ ಕಟ್ಟಿದವನು ನಿಲ್ಲುತ್ತಾನೆ, ಆ ಪಕ್ಕದಲ್ಲಿ ರಸ್ತೆ ಅಗೆಯುವವನು, ಮಣ್ಣಿನ ಬೂಟಿನಲ್ಲೇ. ಮೂವರೂ ಕಿಂಡಿಯವರೆಗೆ ಬಟ್ಟಲು ಹೊರುತ್ತೇವೆ. ಒಳಗೆ ಹೋದ ಮೇಲೆ ಯಾವುದು ಯಾರದೆಂದು ಓಬಾಸಾನಿಗೂ ಗೊತ್ತಿಲ್ಲ.

ಈಗ ಗಟ್ಟಿಯಾಗಿ ಹೇಳುತ್ತೇನೆ, ನೀನು ಬೊಮ್ಮನಹಳ್ಳಿಗೆ ಹೋಗಕೂಡದು. ನಮ್ಮ ಮೂವರಿಗೆ ನೀಲಗಂಗಮ್ಮನೇ ಮುಖ್ಯಸ್ಥೆ. ತಿಂಗಳಿಗೊಮ್ಮೆ ಅವಳೇ ರಿಪೋರ್ಟ್ ಕಳಿಸುವುದು. ‘ಹೊಂದಿಕೊಳ್ಳುವುದಿಲ್ಲ’ ಎಂದು ಒಂದು ಸಾಲು ಬರೆದರೆ ಸಾಕು, ನನ್ನನ್ನು ಅರ್ಧಕ್ಕೇ ವಾಪಸ್ ಕರೆಸುತ್ತಾರೆ. ತರಬೇತಿ ಮುಗಿಸಿದರೆ ಗಡಿಯಾರದ ಹೊಸ ವಿಭಾಗಕ್ಕೆ ನಾನು ಇನ್‌ಸ್ಟ್ರಕ್ಟರ್. ನನ್ನ ಮುಂದೆ ನಲವತ್ತು ಹುಡುಗಿಯರು ಕೂತು ಕಲಿಯುತ್ತಾರೆ. ಅದನ್ನು ನಾನು ಯಾರ ನೇಲ್ ಪಾಲಿಶಿಗೂ ಬಿಟ್ಟುಕೊಡುವುದಿಲ್ಲ.

ನೀನು ಲೋಟ ಕಿತ್ತುಕೊಂಡಾಗ ನಿನ್ನಪ್ಪನ ಹತ್ತಿರ ಅರ್ಜಿ ಬರೆಸಿದ್ದೆಯಾ? ನನ್ನದನ್ನು ನಾನೇ ನೋಡಿಕೊಳ್ಳುತ್ತೇನೆ.

ವಿಶಾಖಾ


ತಿಲಕ್ ನಗರ
18-11-1983

ಮಗಾ,

ನಿನ್ನ ಕಾಗದ ಬರುವ ಮೊದಲೇ ಅರ್ಜಿ ಬರೆದಾಗಿತ್ತು. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು ಸ್ಟೇಟ್. ಅಷ್ಟು ಬರೆದು ಓದಿಕೊಂಡೆ. ನನ್ನ ಮಗಳ ಲೋಟ ಬೇರೆ ಇಡಿಸಿದವರ ವಿಷಯ ಹೇಳುವುದಕ್ಕೂ ನಾನೇ ಬೆಗ್ ಮಾಡಬೇಕೇ? ಬೆಗ್ ಹೊಡೆದುಹಾಕಿದೆ. ಹಂಬಲ್ ಹೊಡೆದುಹಾಕಿದೆ. ಉಳಿದದ್ದು ಐ ಸ್ಟೇಟ್. ಅದರ ಮುಂದೆ ಏನು ಬರೆಯಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಿನ್ನ ಕಾಗದ ಬಂತು. ಹರಿದುಹಾಕಿದ್ದೇನೆ. ಹರಿದ ಮೇಲೂ ಎರಡು ದಿನ ಕೈ ಕಟ್ಟಿಹಾಕಿದ ಹಾಗಿತ್ತು. ಸಂಜೆ ನಡೆಯುತ್ತ ಜೆ.ಪಿ. ನಗರದವರೆಗೆ ಹೋದೆ. ಬೈರಣ್ಣನ ಹೋಟೆಲಿನ ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ. ಬಿಳಿ ಪಂಚೆಯ ದೊಡ್ಡ ಮನುಷ್ಯರು ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಲೋಟ ಹಿಡಿದು, ಎಲ್ಲಿಡಲಿ ಎಂದು ಸುತ್ತ ಕಣ್ಣಾಡಿಸುತ್ತಿದ್ದರು. ಚೆನ್ನಾಗಿತ್ತು. ಗಾಜಿನ ಲೋಟಗಳು ಮಗಾ, ದಪ್ಪ ಗಾಜು. ಹಿತ್ತಾಳೆಯ ಕಾಲ ಹೋಯಿತು.

ನೀನು ನೋಡಿಕೊಳ್ಳುತ್ತೇನೆ ಎಂದಿದ್ದೀಯ. ಸರಿ. ಹೇಗೆ ಎಂದು ಕೇಳುವುದಿಲ್ಲ. ಆದರೆ ಹಸಿದುಕೊಂಡು ಜಗಳವಾಡಬೇಡ. ಮೊದಲು ಶ್ಯಾವಿಗೆ, ಆಮೇಲೆ ಯುದ್ಧ.

ಅಪ್ಪ


ನಗೋಯಾ
20-12-1983

ಅಪ್ಪಾ,

ಒಂದೂವರೆ ತಿಂಗಳು ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬರೆಯಲು ಏನಾದರೂ ಆಗಲಿ ಎಂದು ಕಾದೆ.

ಹೋದ ತಿಂಗಳ ಕೊನೆಯ ಭಾನುವಾರ ಇಬ್ಬರೂ ಪೇಟೆಗೆ ಹೋಗಿದ್ದರು. ನಾನು ಅಡುಗೆಮನೆಗೆ ಹೋದೆ, ಮೂರು ತಿಂಗಳ ಮೇಲೆ. ನೀಲಗಂಗಮ್ಮನ ನೇಲ್ ಪಾಲಿಶಿನ ಸೀಸೆ ಕಪಾಟಿನಲ್ಲೇ ಇತ್ತು. ಕೂತುಕೊಂಡು ಎಲ್ಲಕ್ಕೂ ಇಟ್ಟೆ. ಒಂಬತ್ತು ಲೋಟ, ಎಂಟು ತಟ್ಟೆ, ಚಮಚ, ಸೌಟು, ಎಲ್ಲದರ ತಳಕ್ಕೂ ಒಂದೊಂದು ಚುಕ್ಕೆ, ಅದೇ ಅಳತೆ, ಅದೇ ಕೆಂಪು. ವಾಚಿನ ಮುಳ್ಳು ಕೂರಿಸುವ ಕೈ ಇದು ಅಪ್ಪಾ, ಒಂದೂ ಸೊಟ್ಟಗಾಗಲಿಲ್ಲ. ಅವಳು ಸಾರು ಮಾಡುವ ಪಾತ್ರೆಯೊಂದನ್ನು ಬಿಟ್ಟೆ. ಮಾಂಸ ತಿನ್ನದಿರುವುದು ಅವಳ ಹಕ್ಕು. ಆಮೇಲೆ ನನ್ನ ಲೋಟವನ್ನು ಕಿಟಕಿಯಿಂದ ತಂದು ಉಳಿದವುಗಳ ಜೊತೆ ಸೇರಿಸಿ, ಮೂರು ಸಲ ಸ್ಥಳ ಬದಲಾಯಿಸಿದೆ. ನನಗೇ ಯಾವುದೆಂದು ತಿಳಿಯದ ಹಾಗೆ.

ಸಂಜೆ ರಂಪ. ‘ಏನೇ ಇದು? ಏನ್ ಮಾಡಿದೀಯ?’ ಅಂದಳು.

‘ಚೆನ್ನಾಗಿ ಕಾಣ್ತಿತ್ತು ಅಕ್ಕ, ನಂದಕ್ಕೊಂದೇ ಯಾಕೆ ಅಂತ ಎಲ್ಲಾದಕ್ಕೂ ಇಟ್ಟೆ’ ಅಂದೆ.

‘ನಾನಿದನ್ನ ರಿಪೋರ್ಟಲ್ಲಿ ಬರೀತೀನಿ.’

‘ಬರೀರಿ ಅಕ್ಕ. ಲೋಟಕ್ಕೆಲ್ಲ ಚುಕ್ಕೆ ಇಟ್ಲು ಅಂತ ಬರೀರಿ. ಮೊದಲನೇ ಚುಕ್ಕೆ ಯಾರು ಇಟ್ಟಿದ್ದು, ಯಾಕೆ ಇಟ್ಟಿದ್ದು ಅಂತ ಕೇಳ್ತಾರಲ್ಲ, ಆಗ ಅದನ್ನೂ ಬರೀರಿ.’

ಲಕ್ಷ್ಮಿದೇವಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ನಗುತ್ತಿದ್ದಳೋ ಹೆದರಿದ್ದಳೋ ಗೊತ್ತಿಲ್ಲ. ಲೋಟ ತೆಗೆದು ನೀರು ಕುಡಿದಳು. ಯಾವ ಲೋಟ? ಯಾರಿಗೆ ಗೊತ್ತು!

ನೀಲಗಂಗಮ್ಮ ಮೂರು ದಿನ ಬ್ರೆಡ್ಡು ತಿಂದಳು, ಕಾಗದದ ಮೇಲೆ ಇಟ್ಟುಕೊಂಡು. ಊರಿನಿಂದ ತಂದ ಅವಲಕ್ಕಿ ಮುಗಿದಿತ್ತು, ಪಾರ್ಸೆಲ್ ಬಂದಿರಲಿಲ್ಲ. ನಾಲ್ಕನೆಯ ಸಂಜೆ ನಾನು ಯಂತ್ರದ ಮುಂದೆ ಕಾಸು ಹುಡುಕುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಅವಳೇ. ಹಲ್ಲು ಕಟಕಟ ಎನ್ನುತ್ತಿತ್ತು ಚಳಿಗೆ. ಗುಂಡಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಓದಲು ಬರುವುದಿಲ್ಲ. ಕೇಳಲು ಬಾಯಿ ಬರುವುದಿಲ್ಲ.

ಸುಳ್ಳು ಹೇಳುವುದಿಲ್ಲ ಅಪ್ಪಾ, ಹಸಿ ಮೊಟ್ಟೆಯ ಗುಂಡಿಯ ಮೇಲೆ ನನ್ನ ಬೆರಳು ಒಂದು ಕ್ಷಣ ನಿಂತಿತ್ತು. ಸುಮ್ಮನಿದ್ದಿದ್ದರೆ ಮೀನಿನ ಸಾರನ್ನೇ ಕುಡಿದಿರುತ್ತಿದ್ದಳು. ಆದರೆ ಅದು ಅವಳು ಆಡುವ ಆಟ, ನನ್ನದಲ್ಲ. ‘ಇಲ್ಲಿ ಸಾರೆಲ್ಲಾ ಮೀನಿಂದೇ ಅಕ್ಕ’ ಅಂದೆ. ಓಬಾಸಾನಿಗೆ ಕೈಸನ್ನೆ ಮಾಡಿ, ಸಾರಿಲ್ಲದೆ ಬರೀ ಶ್ಯಾವಿಗೆ ಬೇಯಿಸಿ, ಸೋಯಾ ರಸ, ಈರುಳ್ಳಿ ಸೊಪ್ಪು ಹಾಕಿಸಿದೆ. ನೀಲಗಂಗಮ್ಮ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಮೇಲೆ ಸುರಿದುಕೊಂಡು, ನಿಂತೇ, ನನ್ನ ಪಕ್ಕದಲ್ಲೇ ತಿಂದಳು. ಕಣ್ಣೆತ್ತಲಿಲ್ಲ. ಓಬಾಸಾನ್ ಒಂದು ಚಿಟಿಕೆ ಪುಡಿ ನೆಕ್ಕಿ ನೋಡಿ ಅರ್ಧ ಲೋಟ ನೀರು ಕುಡಿದಳು.

ತಿಂದಾದ ಮೇಲೆ ನಾನು ಟ್ರೇಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ತನ್ನ ಟ್ರೇಯ ಮೇಲೆ ನನ್ನ ಎಂಜಲು ಬಟ್ಟಲನ್ನೂ ಇಟ್ಟುಕೊಂಡು ಕಿಂಡಿಯ ಕಡೆ ನಡೆದಳು. ತಪ್ಪಾಯಿತು ಎನ್ನಲಿಲ್ಲ. ನಾನೂ ಪರವಾಗಿಲ್ಲ ಎನ್ನಲಿಲ್ಲ.

ಡಿಸೆಂಬರಿನ ರಿಪೋರ್ಟ್ ನನ್ನ ಮುಂದೆಯೇ ಲಕೋಟೆಗೆ ಹಾಕಿದಳು. ನನ್ನ ಹೆಸರಿನ ಮುಂದೆ ‘ತೃಪ್ತಿಕರ’ ಎಂದಿತ್ತು. ಮಾರ್ಚಿಗೆ ಮುಗಿಸಿಕೊಂಡೇ ಬರುತ್ತೇನೆ.

ಈಗ ನಿನ್ನ ಸರದಿ. ಫುಟ್‌ಪಾತಿನಲ್ಲಿ ಎಷ್ಟು ದಿನ ನಿಲ್ಲುತ್ತೀಯ?

ವಿಶಾಖಾ


ತಿಲಕ್ ನಗರ
17-1-1984

ಮಗಾ,

ಹೋದೆ. ನಿನ್ನೆ ಹೋದೆ. ದಿಸ್ ಈಸ್ ಫೈನಲ್ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಿಕೋ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿದಿದೆ. ಎದ್ದು, ಮೇಜಿನ ಮೇಲಿನ ಲೋಟದಿಂದ ಪೆನ್ನುಗಳನ್ನು ಸುರಿದು, ಲೋಟವನ್ನು ಬೂದಿ ಹಾಕಿ ಉಜ್ಜಿ ತೊಳೆದು, ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅದೇ ಚೀಲವಲ್ಲ, ಅದು ಎಂದೋ ಹರಿದುಹೋಯಿತು.

ಗಲ್ಲಾದ ಮೇಲೆ ಬೈರಣ್ಣನೇ ಕೂತಿದ್ದ. ‘ಬಂದ್ಯಾ!’ ಅಂದ. ‘ಬಂದೆ. ಒಂದು ಇಡ್ಲಿ, ಒಂದು ಕಾಫಿ’ ಅಂದೆ. ಕಾಸು ಬೇಡ ಎಂದು ಕೈ ಅಡ್ಡ ಹಿಡಿದ. ‘ತಗೋ. ಬಿಟ್ಟಿ ತಿನ್ನೋಕ್ ಬಂದಿಲ್ಲ’ ಅಂದೆ. ತೆಗೆದುಕೊಂಡ.

ಇಡ್ಲಿ ತಿಂದೆ. ನಿಂತೇ. ನನ್ನ ಎಡಕ್ಕೆ ಬ್ರೀಫ್‌ಕೇಸ್ ಕಾಲುಗಳ ನಡುವೆ ಇಟ್ಟುಕೊಂಡ ಒಬ್ಬ ಆಫೀಸರು, ಬಲಕ್ಕೆ ಒಬ್ಬ ಆಟೋದವನು. ತಿಂದಾದ ಮೇಲೆ ತಟ್ಟೆಯನ್ನು ಬೇಕೆಂದೇ ಅಲ್ಲೇ ಬಿಟ್ಟೆ. ಮೂವತ್ತು ವರ್ಷದ ನಮ್ಮಪ್ಪನ ಪಾಳಿ ಸಾಕು, ಈಗ ಬೈರಣ್ಣ ಎತ್ತಲಿ ಎಂದು. ಎತ್ತಲು ಬಂದದ್ದು ಯಾರು ಗೊತ್ತಾ? ನಮ್ಮ ಹಿಂದಿನ ಬೀದಿಯ ಮುನಿಯಕ್ಕ. ಅಲ್ಲಿ ತಟ್ಟೆ ತೊಳೆಯುವ ಕೆಲಸವಂತೆ. ಸೊಂಟದ ಮೇಲೆ ಕೈ ಇಟ್ಟಳು.

‘ಏನ್ ಯಲ್ಲಯ್ಯಣ್ಣ, ಪೆನ್ಸನ್ ಬಂದ್ಮೇಲೆ ನಿಂಗೂ ದೊರೆತನ ಬಂತಾ? ತೊಟ್ಟಿ ಅಲ್ಲೈತೆ, ಹೋಗಾಕು. ನಂಗೊಂದು ನಡು ಐತೆ.’

ಆಟೋದವನು ನಕ್ಕ. ಕಿವಿ ಬಿಸಿಯಾಯಿತು. ತಟ್ಟೆ ಎತ್ತಿಕೊಂಡು ಹೋಗಿ ಹಾಕಿದೆ. ಆಫೀಸರೂ ನನ್ನ ಹಿಂದೆಯೇ ಬಂದು ಹಾಕಿದ, ಅವನ ತಟ್ಟೆ ನನ್ನ ತಟ್ಟೆಯ ಮೇಲೆಯೇ ಬಿತ್ತು. ನೀನು ಹೇಳಿದ್ದು ಆಗ ಹೊಟ್ಟೆಗೆ ಇಳಿಯಿತು. ತಟ್ಟೆ ಎತ್ತುವುದರಿಂದ ನಮ್ಮಪ್ಪ ಸಣ್ಣವನಾಗಲಿಲ್ಲ. ಅವನೊಬ್ಬನೇ ಎತ್ತಬೇಕಾಗಿತ್ತು, ಅದರಿಂದ ಆದ.

ಆಮೇಲೆ ಗಲ್ಲಾದ ಹತ್ತಿರ ಹೋಗಿ, ಟವಲು ಬಿಚ್ಚಿ ಲೋಟ ಇಟ್ಟೆ.

‘ಏನೋ ಇದು?’ ಅಂದ ಬೈರಣ್ಣ.

‘ಎತ್ತಿ ನೋಡು.’

ಎತ್ತಿದ. ತಿರುಗಿಸಿದ. ತಳದ ಗುಳ್ಳೆ ಕಂಡಿತು. ಅವನ ಮುಖ ಹೇಗಾಯಿತೆಂದು ಬರೆಯಲು ನನ್ನ ಹತ್ತಿರ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಮೆಲ್ಲಗೆ ಕೇಳಿದ:

‘ಇನ್ನೂ ಮಡಗಿದ್ಯಾ?’

‘ಮೂವತ್ತೊಂಬತ್ತು ವರ್ಷ.’

‘ಒಡೆದಾಕೋ ಮಾರಾಯ. ಆಗಿದ್ದು ಆಗೋಯ್ತು. ನಮ್ಮಪ್ಪನೂ ಇಲ್ಲ, ನಿಮ್ಮಪ್ಪನೂ ಇಲ್ಲ. ಯಾಕೆ ಇಟ್ಕೊಂಡು ಕೊರಗ್ತೀಯ?’

‘ಒಡೆದಾಕಿದ್ರೆ ನಿಂಗೆ ನಿರಾಳ. ಅದಕ್ಕಲ್ಲ ನಾನು ತಂದಿದ್ದು. ಇದು ನಿಮ್ಮ ಹೋಟ್ಲ ಲೋಟ. ಸೂರಲ್ಲಿತ್ತು, ಈಗ ಒಳಕ್ಕೆ ತಗೋ. ಅಗೋ ಆ ಸಾಲಲ್ಲಿ ಇಡು, ಎಲ್ಲಾದ್ರ ಜೊತೆ.’

‘ಎಲ್ಲಾರ ಮುಂದೆ ಏನೋ ಇದು ಯಲ್ಲಯ್ಯ...’

‘ಅವತ್ತೂ ಎಲ್ಲಾರ ಮುಂದೇನೇ ಇತ್ತು.’

ನನ್ನ ಹಿಂದೆ ಟೋಕನ್ನಿಗೆ ಜನ ಸೇರಿದ್ದರು. ಯಾರೋ ‘ಬೇಗ ಆಗ್ಲಿ ಸಾರ್’ ಅಂದರು. ನಾನು ಜರುಗಲಿಲ್ಲ ಮಗಾ. ಬೈರಣ್ಣ ಲೋಟ ಹಿಡಿದು ಕೂತೇ ಇದ್ದ. ಕೊನೆಗೆ ಎದ್ದ. ಗಲ್ಲಾ ಬಿಟ್ಟು, ತಾನೇ ನಡೆದು ಹೋಗಿ, ಕಾಫಿ ಸುರಿಯುವ ಕಟ್ಟೆಯ ಮೇಲೆ ಉಳಿದ ಲೋಟಗಳ ಸಾಲಿನಲ್ಲಿ ಅದನ್ನು ಇಟ್ಟ. ಬಂದು ಕೂತು, ಹಿಂದಿನವನಿಗೆ ಟೋಕನ್ ಹರಿದುಕೊಟ್ಟ.

ಕಾಫಿಯವನಿಗೆ ಏನು ಗೊತ್ತು! ಬಿಸಿನೀರಲ್ಲಿ ಅದ್ದಿ, ಡಿಕಾಕ್ಷನ್ ಹಾಕಿ, ಹಾಲು ಸುರಿದು ಮುಂದೆ ತಳ್ಳಿದ. ಅದೇ ಬ್ರೀಫ್‌ಕೇಸಿನ ಆಫೀಸರು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡ. ನಮ್ಮಪ್ಪನ ಲೋಟ. ಊದಿದ, ಒಂದು ಗುಟುಕು ಕುಡಿದ, ಹುಬ್ಬು ಗಂಟಿಕ್ಕಿದ.

‘ಸಕ್ಕರೆ ಕಮ್ಮಿ ಕಣ್ರೀ’ ಅಂದ.

ಅಷ್ಟೇ. ಸಕ್ಕರೆ ಹಾಕಿಸಿಕೊಂಡು ಪೂರ್ತಿ ಕುಡಿದು, ತೊಟ್ಟಿಗೆ ಹಾಕಿ ಬಸ್ಸಿಗೆ ಓಡಿದ. ನಾನು ಗೋಡೆ ಹಿಡಿದುಕೊಂಡು ನಿಂತೆ. ನಗು ಬಂತೋ ಇನ್ನೇನು ಬಂತೋ. ಮುನಿಯಕ್ಕ ಅದನ್ನು ಉಳಿದ ಲೋಟಗಳ ಜೊತೆ ತೊಳೆದು ತಂದು ಕವುಚಿಟ್ಟಳು. ಅದು ಯಾವುದೆಂದು ಗುರುತು ಹಿಡಿಯೋಣ ಎಂದು ಬಗ್ಗಿ ನೋಡಿದೆ. ಅಗ್ಗದ ಗಾಜು ಮಗಾ, ಎಷ್ಟೋ ಲೋಟಗಳ ತಳದಲ್ಲಿ ಗುಳ್ಳೆಗಳಿದ್ದವು.

ಹೊರಡುವಾಗ ಬೈರಣ್ಣ ತಲೆ ಎತ್ತದೆ ಕೇಳಿದ, ‘ನಾಳೆ ಬರ್ತೀಯಾ?’ ‘ಕಾಫಿ ಚೆನ್ನಾಗಿದ್ರೆ ಬರ್ತೀನಿ’ ಅಂದೆ. ಅವನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ, ಅವನಿಗೂ ಹಾಗೆ ತಿಳಿಸಿಲ್ಲ. ಇವತ್ತು ಮತ್ತೆ ಹೋಗಿದ್ದೆ. ನಾಳೆಯೂ ಹೋಗುತ್ತೇನೆ. ಅವನ ಕಣ್ಣೆದುರು ನಿಂತು ಕುಡಿಯುತ್ತೇನೆ, ಯಾವ ಲೋಟ ಬಂದರೆ ಅದರಲ್ಲಿ.

ಆಪೋಸಿಟ್! ನೆನಪಾಯಿತು ನೋಡು. ಈಕ್ವಲ್ ಅಂಡ್ ಆಪೋಸಿಟ್ ರಿಯಾಕ್ಷನ್. ಪೂರ್ತಿ ಬಂತು.

ಲೋಟ ಇಲ್ಲದ್ದರಿಂದ ಪೆನ್ನುಗಳೆಲ್ಲ ಮೇಜಿನ ಮೇಲೆ ಉರುಳಾಡುತ್ತಿವೆ. ಒಂದು ಈಗಷ್ಟೇ ಕೆಳಗೆ ಬಿತ್ತು. ಬಗ್ಗಿ ಹುಡುಕಿದರೆ ಕಾಣುತ್ತಿಲ್ಲ. ಅರೆ, ಬೆಳಕು ಹೋಗುತ್ತಿದೆ. ಸಾಲುಗಳು ಒಂದರ ಮೇಲೊಂದು ಹತ್ತಿರಬೇಕು, ಹೊಂದಿಸಿಕೊಂಡು ಓದಿಕೋ.

ಯುವರ್ಸ್,
ಒಬೀಡಿಯಂಟ್ಲಿ ಅಲ್ಲ,
ಯಲ್ಲಯ್ಯ